ನೀಲಗಂಗವ್ವನ ಹೊಲದ ಒಂದು ರೊಟ್ಟಿ

ನಮ್ಮ ಊರಿನಲ್ಲಿ ಗಂಡ ಹೆಂಡತಿ ಒಂದೇ ಹೊಲದ ಜೋಳ ತಿನ್ನುವುದಿಲ್ಲ. ಪ್ರತಿ ಮನೆಯಲ್ಲೂ ಎರಡು ಹಿಟ್ಟಿನ ಡಬ್ಬಿಗಳಿರುತ್ತವೆ. ಒಂದರ ಮುಚ್ಚಳಕ್ಕೆ ಕುಂಕುಮದ ಬೊಟ್ಟು, ಇನ್ನೊಂದಕ್ಕೆ ವಿಭೂತಿಯ ಪಟ್ಟೆ. ಒಲೆ ಒಂದೇ, ಹೆಂಚು ಒಂದೇ, ಪಲ್ಯ ಒಂದೇ. ರೊಟ್ಟಿ ಮಾತ್ರ ಬೇರೆ ಬೇರೆ. ಮದುವೆಯಾಗಿ ಬಂದ ಪರವೂರಿನ ಹೆಣ್ಣುಮಕ್ಕಳು ಮೊದಮೊದಲು ಇದೇನೋ ಮಡಿ ಮೈಲಿಗೆಯ ವಿಚಾರವೆಂದು ತಿಳಿದು ತವರಿಗೆ ಹೇಳಿ ಕಳುಹಿಸುತ್ತಾರೆ. ಒಂದು ವಾರ ಕಳೆದ ಮೇಲೆ ಡಬ್ಬಿಗಳನ್ನು ತಾವೇ ಇನ್ನಷ್ಟು ದೂರ ಸರಿಸಿ ಇಡುತ್ತಾರೆ.

ಹೊಲಕ್ಕೆ ಏನು ಕಡಿಮೆಯಾಯಿತು, ಏನು ಹೆಚ್ಚಾಯಿತು ಎಂಬುದು ನಮ್ಮಲ್ಲಿ ತಿಂದವರ ಮೈಮೇಲೆ ಕಾಣುತ್ತದೆ. ಪೊಟ್ಯಾಷ್ ಸಾಲದ ಹೊಲದ ಜೋಳ ತಿಂದವನಿಗೆ ಮೊಣಕಾಲು ನಿಲ್ಲುವುದಿಲ್ಲ. ಕಟ್ಟೆ ಕಂಡಲ್ಲೆಲ್ಲ ಕೂರುತ್ತಾನೆ, ಕಟ್ಟೆ ಇಲ್ಲದಿದ್ದರೆ ಪಕ್ಕದಲ್ಲಿ ನಿಂತವನ ಮೇಲೆ ಒರಗುತ್ತಾನೆ. ನೀರು ನಿಂತ ಹೊಲದ್ದನ್ನು ತಿಂದವರು ಕಾರಣವಿಲ್ಲದೆ ಕಣ್ಣೀರು ಹಾಕುತ್ತಾರೆ. ಹೂ ಬಿಡುವ ಹೊತ್ತಿಗೆ ಚಳಿ ಹೊಡೆದು ತೆನೆಯಲ್ಲಿ ಕಾಳು ಅರ್ಧ ಮಾತ್ರ ಕಟ್ಟಿದರೆ, ಆ ರೊಟ್ಟಿ ತಿಂದವರ ಮಾತೂ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಶಾಲೆಯ ಹಿಂದಿನ ಮಾಸ್ತರು ಅಂಥ ಹೊಲದ್ದನ್ನೇ ಉಣ್ಣುತ್ತಿದ್ದರು. "ಆದ್ದರಿಂದ ಮಕ್ಕಳೇ" ಎಂದು ಹೇಳಿ ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದರು. ಅವರ ಕೈಯಲ್ಲಿ ಕಲಿತವರಿಗೆ ಎಲ್ಲ ವಿಷಯಗಳ ಕಾರಣವೂ ಗೊತ್ತು, ಯಾವುದರ ಪರಿಣಾಮವೂ ಗೊತ್ತಿಲ್ಲ.

ಇದಕ್ಕೆ ಊರು ಹೊಂದಿಕೊಂಡಿದೆ. ಕನ್ಯೆ ನೋಡಲು ಹೋದವರು ಮೊದಲು ಹೊಲ ನೋಡುತ್ತಾರೆ. ಸತ್ತವರ ಮನೆಗೆ ಹೋಗುವಾಗ ಕಣ್ಣೀರು ಬರಲಾರದೆಂಬ ಅನುಮಾನವಿದ್ದವರು ನೀರು ನಿಂತ ಹೊಲದವರಿಂದ ಒಂದು ರೊಟ್ಟಿ ಕೇಳಿ ತಂದು ತಿಂದು ಹೋಗುತ್ತಾರೆ. ಅದರಲ್ಲಿ ಯಾರೂ ನಾಚಿಕೆ ಪಡುವುದಿಲ್ಲ. ಊಟಕ್ಕೆ ಕರೆದರೆ ಬರುವವರು ತಮ್ಮ ತಮ್ಮ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಾರೆ. ಕರೆದವರು ಪಲ್ಯ, ಚಟ್ನಿ, ಮೊಸರು ಬಡಿಸಿದರೆ ಸಾಕು.

ನನ್ನ ಹೆಸರು ಗುರುಲಿಂಗಪ್ಪ. ಈಗ ಎಪ್ಪತ್ತನಾಲ್ಕು ನಡೆಯುತ್ತಿದೆ. ನಾನು ಉಣ್ಣುವುದು ಗುಡ್ಡದ ಬದಿಯ ಮಸಾರಿ ಹೊಲದ ಜೋಳ. ಆ ಕೆಂಪು ಮಣ್ಣಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಕಡಿಮೆ, ಯಾವುದೂ ಪೂರ್ತಿ ಕಡಿಮೆಯಲ್ಲ. ಹಾಗಾಗಿ ನಾನು ಯಾರು ಏನು ಹೇಳಿದರೂ ಹ್ಞೂಂ ಎನ್ನುವ ಮನುಷ್ಯ. ಒಮ್ಮೆ ಒಂದೇ ದಿನ ಮೂರು ಭಜನಾ ಮಂಡಳಿಗಳವರು ಬಂದು ನಮಗೆ ಅಧ್ಯಕ್ಷರಾಗಿರೆಂದರು. ಮೂರಕ್ಕೂ ಹ್ಞೂಂ ಎಂದೆ. ಆ ಮೂರೂ ಮಂಡಳಿಗಳಿಗೆ ಒಂದಕ್ಕೊಂದು ಮಾತಿರಲಿಲ್ಲ. ಇಂದಿಗೂ ಸೋಮವಾರ ಮೂರು ಕಡೆ ತಾಳ ಹಿಡಿದು ಓಡಾಡುತ್ತೇನೆ.

ನನ್ನ ಹೆಂಡತಿ ನೀಲಗಂಗವ್ವ ಉಣ್ಣುತ್ತಿದ್ದುದು ಹಳ್ಳದ ದಂಡೆಯ ಎರೆ ಹೊಲದ್ದು. ನಾಲ್ಕು ಎಕರೆ ಕಪ್ಪು ಭೂಮಿ, ತವರಿನಿಂದ ಅವಳ ಜೊತೆ ಬಂದದ್ದು. ಆ ಹೊಲದ ರೊಟ್ಟಿ ತಿಂದವರು ಬೈಯುತ್ತಾರೆ. ನಲವತ್ತೆರಡು ವರ್ಷ ಅವಳು ಬೈದಳು. "ಏನ್ರೀ, ಅಂಗಿ ಗುಂಡಿ ಒಂದು ಮನಿ ಮ್ಯಾಲ ಹಾಕ್ಕೊಂಡು ಹೊಂಟೀರಲ್ಲ, ಮಂದಿ ನಿಮಗ ನಗೂದಿಲ್ಲ, ನನಗ ನಗತಾರ" ಎಂದು ದಿನ ಆರಂಭವಾಗುತ್ತಿತ್ತು. ಕಾಗೆಗೆ ಬೈಯುತ್ತಿದ್ದಳು, ತಡವಾಗಿ ಹುಟ್ಟಿದ ಸೂರ್ಯನಿಗೆ ಬೈಯುತ್ತಿದ್ದಳು. ಗುಡಿಗೆ ಹೋದರೆ ಕಲ್ಲಿನ ಬಸವಣ್ಣನ ಬೆನ್ನು ತಟ್ಟಿ, "ಕುಂತಲ್ಲೇ ಕುಂತು ಬೆಣ್ಣಿ ತಿಂತಿ, ಎದ್ದು ಒಂದು ಸಾಲು ಕುಂಟಿ ಎಳಿ ನೋಡೂಣು" ಎನ್ನುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಅದರ ಸಲುವಾಗಿ ಅವಳು ದೇವರಿಗೆ ಹನ್ನೊಂದು ವರ್ಷ ಬೈದು, ಹನ್ನೆರಡನೆಯ ವರ್ಷ ಅವನನ್ನು ಕ್ಷಮಿಸಿದಳು. ನಾನು ಅವನ ಮುಂದೆ ಕೈ ಮುಗಿದು ನಿಂತವನೇ ಹೊರತು ಒಂದು ಮಾತೂ ಕೇಳಲಿಲ್ಲ.

ಹೋದ ವರ್ಷ ಹೋಳಿ ಹುಣ್ಣಿಮೆ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ, ಮಜ್ಜಿಗೆ ಕಡೆಯುತ್ತಾ ಕಡಗೋಲಿಗೆ ಬೈಯುತ್ತಿದ್ದವಳು ಸುಮ್ಮನಾದಳು. ಅವಳು ಸುಮ್ಮನಾದದ್ದು ಕಿವಿಗೆ ಬಿದ್ದೊಡನೆ ನಾನು ಪಡಸಾಲೆಯಿಂದ ಎದ್ದು ಓಡಿದೆ.

ನಮ್ಮ ಊರಿನ ಪದ್ಧತಿಯಂತೆ ಅವಳ ಡಬ್ಬಿಯ ಹಿಟ್ಟನ್ನೂ ನೆಲದೊಳಗಿನ ಹಗೇವಿನ ಜೋಳವನ್ನೂ ಹಳ್ಳಕ್ಕೆ ಬಿಟ್ಟೆವು. ಬೀಜದ ಗಡಿಗೆಯೊಂದನ್ನು ಮಾತ್ರ ಉಳಿಸಿಕೊಂಡೆವು. ಆ ವಾರ ಹಳ್ಳದ ಕಪ್ಪೆಗಳ ಗದ್ದಲದಲ್ಲಿ ದಂಡೆಯ ಮನೆಗಳವರಿಗೆ ನಿದ್ದೆಯಿರಲಿಲ್ಲ. ಪದ್ಧತಿ ಇನ್ನೂ ಒಂದಿದೆ. ಹೋದವರ ವರ್ಷದ ದಿನ, ಉಳಿದವರು ಹೋದವರ ಹೊಲದಲ್ಲಿ ತಮ್ಮ ಕೈಯಾರೆ ಬೆಳೆದ ಹೊಸ ಜೋಳದ ಒಂದು ರೊಟ್ಟಿ ತಿನ್ನಬೇಕು. ಒಂದೇ ರೊಟ್ಟಿ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ನಲವತ್ತೆರಡು ವರ್ಷ ಅವಳ ಬೈಗುಳವನ್ನು ಹೊರಗಿನಿಂದ ಕೇಳಿದವನು ನಾನು. ಅದು ಒಳಗಿನಿಂದ ಹೇಗಿರುತ್ತದೆ ಎಂಬುದನ್ನು ಒಂದೇ ಒಂದು ಸಲ ತಿಳಿಯಬೇಕಿತ್ತು. ಬೇರೆ ಆಸೆ ಯಾವುದೂ ಉಳಿದಿರಲಿಲ್ಲ. ಅದಕ್ಕೆ ಜೋಳ ಅವಳ ಕೈಯಲ್ಲಿ ಹೇಗೆ ಬರುತ್ತಿತ್ತೋ ಹಾಗೆಯೇ ಬರಬೇಕಿತ್ತು.

ತೊಡಕೆಂದರೆ, ಆ ಹೊಲದಲ್ಲಿ ಅವಳು ನನ್ನನ್ನು ಕಾಲಿಡಗೊಟ್ಟಿರಲಿಲ್ಲ. ಏನು ಹಾಕುತ್ತಿದ್ದಳು, ಎಷ್ಟು ಹಾಕುತ್ತಿದ್ದಳು ಎಂಬುದು ನನಗೆ ತಿಳಿಯದು. ಹೊಡೆ ಹಿರಿದು ತೆನೆ ಹೊರಬೀಳುವ ಹೊತ್ತಿಗೆ ಹಳ್ಳದಿಂದ ಒಂದು ಸಲ ನೀರು ಬಿಡುತ್ತಿದ್ದಳೆಂಬುದು ಮಾತ್ರ ಗೊತ್ತಿತ್ತು, ಏಕೆಂದರೆ ಆ ದಿನ ಸೀರೆ ಕೆಸರಾಗಿ ಹಳ್ಳಕ್ಕೆ ಬೈಯುತ್ತ ಬರುತ್ತಿದ್ದಳು. ಮನೆಯಲ್ಲಿ ಬಡಿಸುವವರೂ ಇಲ್ಲ, ಬಡಿಸಿಕೊಳ್ಳುವವರೂ ಇಲ್ಲ ಎಂಬಂತಾಗಿದ್ದ ನನಗೆ, ಆ ಹೊಲವಾದರೂ ಹೊಟ್ಟೆ ತುಂಬ ಉಣ್ಣಲಿ ಎನ್ನಿಸಿತು. ಬಿತ್ತುವ ಮೊದಲು ಎಂಟು ದಿನ ಕುರಿ ಮಂದೆ ನಿಲ್ಲಿಸಿದೆ. ಬಿತ್ತುವಾಗ ಡಿಎಪಿ ಕೊಟ್ಟೆ. ಆಮೇಲೆ ಮೂರು ಸಲ ಯೂರಿಯಾ ಎರಚಿದೆ. ಎರಚುವಾಗ ಒಂದೊಂದು ಹಿಡಿಗೆ ಒಂದೊಂದು ಶಿವನಾಮ ಹೇಳುತ್ತಿದ್ದೆ. ಚಿಕ್ಕಂದಿನಿಂದಲೂ ನಾಮ ಹೆಚ್ಚಾದಷ್ಟು ಪುಣ್ಯ ಹೆಚ್ಚೆಂದು ನಂಬಿದವನು ನಾನು. ಸಾಲಿಗೆ ನೂರೆಂಟು ನಾಮ ಮುಗಿಯುವ ತನಕ ಕೈ ನಿಲ್ಲಿಸಲಿಲ್ಲ. ಒಂದು ಮೂಲೆಯಲ್ಲಿ ಹುತ್ತವಿತ್ತು. ಅಲ್ಲಿ ಮಾತ್ರ ಎಂಟು ಹೆಜ್ಜೆ ದೂರದಲ್ಲೇ ನಿಂತು ಕೈ ಮುಗಿದು ತಿರುಗಿಬಿಡುತ್ತಿದ್ದೆ. ನಾಗಪ್ಪನ ತಲೆಯ ಮೇಲೆ ಯೂರಿಯಾ ಸುರಿಯುವುದು ನನ್ನಿಂದಾಗುವ ಕೆಲಸವಲ್ಲ. ನೀರನ್ನೂ ಒಂದರ ಬದಲು ನಾಲ್ಕು ಸಲ ಬಿಟ್ಟೆ.

ಬೆಳೆ ಎದ್ದಿತು. ಹೇಗೆ ಎದ್ದಿತೆಂದರೆ, ದಾರಿಯಲ್ಲಿ ಹೋಗುವವರು ನಿಂತು ನೋಡಿ ಕೈ ಮುಗಿದು ಹೋಗುತ್ತಿದ್ದರು. ಎಲೆಗಳು ಕಪ್ಪಗೆನ್ನುವಷ್ಟು ಹಸುರು. ನಾನು ಕೈ ಎತ್ತಿದರೂ ತುದಿ ಸಿಗದು. ನೀಲಗಂಗವ್ವನ ಕಾಲದಲ್ಲಿ ಆ ಹೊಲದ ಜೋಳ ನನ್ನ ಎದೆಯ ಮಟ್ಟ ದಾಟುತ್ತಿರಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ.

ಕೃಷಿ ಇಲಾಖೆಯ ಸಹಾಯಕಿ ಜುಬೇದಾ ಆ ದಾರಿಯಲ್ಲಿ ಸೈಕಲ್ ಮೇಲೆ ಬಂದಳು. ನಮ್ಮ ಊರಿಗೆ ಬಂದು ಆರು ವರ್ಷವಾದ ಹುಡುಗಿ. ಅವಳ ಕೆಲಸ ಕಷ್ಟದ್ದು. ಬೇರೆ ಊರುಗಳಲ್ಲಿ ಇಳುವರಿ ಹೆಚ್ಚಿಸಿರೆಂದು ಹೇಳಿದರೆ ಆಯಿತು, ನಮ್ಮಲ್ಲಿ ಅದರ ಜೊತೆ ಜನರ ಸಂಸಾರವನ್ನೂ ನೋಡಬೇಕು. ಹೊಲ ನೋಡಿ ಸೈಕಲ್ ಇಳಿದಳು.

"ಅಜ್ಜಾರ, ಇದೇನಿದು?"

"ಜೋಳ ಅವ್ವಾ."

"ಜೋಳ ಅಲ್ರಿ ಇದು, ಮೆರವಣಿಗಿ. ಎಷ್ಟು ಚೀಲಾ ಹಾಕೀರಿ?"

"ಚೀಲಾ ಎಣಿಸಿಲ್ಲವ್ವ. ನಾಮ ಎಣಿಸೀನಿ."

ಅವಳು ತಲೆ ಹಿಡಿದುಕೊಂಡಳು. ಬಿತ್ತುವ ಮೊದಲೇ ಅವಳು ಆ ಹೊಲದ ಮಣ್ಣು ತೆಗೆದುಕೊಂಡು ಹೋಗಿದ್ದಳು. ಪರೀಕ್ಷೆಯಾಗಿ ಕಾರ್ಡು ಬಂದಿತ್ತು. ಅದನ್ನು ಚೀಲದಿಂದ ತೆಗೆದು ಬದುವಿನ ಮೇಲೆ ಕೂತು ಓದಿದಳು. ಅದು ಕಸುವಿದ್ದ ಭೂಮಿ, ಹೆಚ್ಚಿಗೆ ಏನೂ ಬೇಕಾಗಿರಲಿಲ್ಲ, ಆದರೆ ಒಂದು ಮಾತ್ರ ಇಲ್ಲವೇ ಇಲ್ಲ ಎಂದಳು.

"ಏನದು?"

"ಸತು ರಿ. ಜಿಂಕ್ ಅಂತಾರಲ್ಲ, ಅದು. ಸುಣ್ಣಕಲ್ಲಿನ ಎರಿ ಭೂಮಿಯೊಳಗ ಇದ್ದದ್ದೂ ಬೇರಿಗೆ ಸಿಗೂದಿಲ್ಲ. ಸತು ಇಲ್ಲದ ಜೋಳದ ಎಲಿ ಮ್ಯಾಲ ಬಿಳಿ ಪಟ್ಟಿ ಬರತಾವ, ಗಿಡ ಗಿಡ್ಡ ಆಗತೈತಿ. ನಿಮ್ಮ ಊರಾಗ ಅದನ್ನ ತಿಂದವರು ಬೈತಾರ. ಎಕರೆಕ್ಕ ಎಂಟು ಕಿಲೋ ಹಾಕಿದ್ರ ಮುಗೀತು. ಇಳುವರಿನೂ ಹೆಚ್ಚು, ಮಾತೂ ಮೆತ್ತಗ."

ನಾನು ಬದುವಿನ ಮೇಲೆ ಅವಳಿಂದ ಸ್ವಲ್ಪ ದೂರ ಸರಿದು ಕೂತೆ. ನಲವತ್ತೆರಡು ವರ್ಷ ಯಾವುದನ್ನು ನೀಲಗಂಗವ್ವನೆಂದು ತಿಳಿದು ಸಂಸಾರ ಮಾಡಿದೆನೋ ಅದು ಎಕರೆಗೆ ಎಂಟು ಕಿಲೋ ಪುಡಿಯ ಮಾತೆಂದು ಈ ಹುಡುಗಿ ಹೇಳುತ್ತಿದ್ದಳು. ನನಗೆ ಸಿಟ್ಟು ಬರಬೇಕಾಗಿತ್ತು. ಮಸಾರಿ ಹೊಲದ ಜೋಳ ತಿಂದದ್ದರಿಂದ, "ಹ್ಞೂಂ ಅವ್ವಾ" ಎಂದೆ.

ಅವಳಿಗೆ ಅರ್ಥವಾಯಿತೆಂದು ತೋರುತ್ತದೆ. ಸೈಕಲ್ ಹತ್ತಿದವಳು ಮತ್ತೆ ಇಳಿದಳು. "ಅಜ್ಜಾರ, ಈ ಊರಾಗ ಸತು ಇಲ್ಲದ ಹೊಲ ಎಂಟು ಅದಾವ. ಎಂಟೂ ಮನಿಯೊಳಗ ಬೈತಾರ. ಉಳಿದ ಏಳು ಮನಿಯವರು ಬೈದು ಬಾಗಿಲಾ ಹಾಕ್ಕೋತಾರ. ನಾ ಈ ಊರಿಗೆ ಬಂದ ಮೊದಲನೇ ದಿನ ನಿಮ್ಮ ಮನಿಯವರು, 'ಬಿಸಲಾಗ ತಿರಗತಿ, ಬುದ್ಧಿ ಐತೋ ಇಲ್ಲೋ' ಅಂತ ಬೈಕೋತ ರಟ್ಟಿ ಹಿಡದು ಒಳಗ ಎಳಕೊಂಡು ಹೋಗಿ ಉಣಿಸಿದ್ರು. ಅದು ಕಾರ್ಡಿನ್ಯಾಗ ಬರೂದಿಲ್ರಿ" ಎಂದಳು. ಹಾಗೆಂದು ಪೆಡಲು ತುಳಿದಳು. ನಾನು ಸತುವಿನ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಪುಷ್ಯ ಮಾಸದಲ್ಲಿ ತೆನೆಯ ಹಾಲು ಗಟ್ಟಿಯಾಗುವ ಹೊತ್ತಿಗೆ ನಮ್ಮಲ್ಲಿ ಪ್ರತಿ ಹೊಲದಿಂದಲೂ ಹತ್ತು ಎಳೆ ತೆನೆ ತಂದು ಊರ ಬಾಗಿಲಾದ ಅಗಸಿಯ ಕಟ್ಟೆಯ ಮುಂದೆ ಸುಟ್ಟು, ಆ ಸೀತನಿಯನ್ನು ಊರಿನ ರುಚಿಗಾರನಿಗೆ ತಿನ್ನಿಸುತ್ತಾರೆ. ತಿಂದ ಮೇಲೆ ಅವನಿಗೇನಾಗುತ್ತದೆಂದು ನೋಡಿ, ಆ ಹೊಲದ ಚೀಲಗಳ ಮೇಲೆ ಅದನ್ನೇ ಬರೆಯುತ್ತಾರೆ. ಇಪ್ಪತ್ತು ವರ್ಷದಿಂದ ಅಡಿವೆಪ್ಪ ರುಚಿಗಾರ. ನನ್ನ ವಾರಿಗೆಯವನು, ಜೊತೆಯಲ್ಲಿ ಶಾಲೆಗೆ ಹೋದವನು. ಸುಗ್ಗಿಯಲ್ಲಿ ಬೆಳಿಗ್ಗೆ ಅಳುತ್ತಾನೆ, ಮಧ್ಯಾಹ್ನ ಒರಗುತ್ತಾನೆ, ಸಂಜೆ ಅರ್ಧ ಮಾತಾಡುತ್ತಾನೆ. ಅವನ ಸ್ವಂತ ಸ್ವಭಾವ ಯಾವುದೆಂದು ಅವನ ಹೆಂಡತಿಗೂ ಈಗ ನೆನಪಿಲ್ಲ.

ನನ್ನ ಹೊಲದ ಸೀತನಿಯನ್ನು ಅವನು ಎರಡು ಮುಷ್ಟಿ ಬಾಯಿಗೆ ಹಾಕಿಕೊಂಡು ನುರಿಸಿದ. ನಾನು ಅವನ ಮುಂದೆ ಅಂಗಿ ಗುಂಡಿಯನ್ನು ಬೇಕೆಂದೇ ತಪ್ಪಾಗಿ ಹಾಕಿಕೊಂಡು ನಿಂತೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಗುರುಲಿಂಗಪ್ಪಾ, ಆ ಗುಡ್ಡ ಕಾಣತೈತಿಲ್ಲೋ? ಅದನ್ನ ನಾನ ತಂದಿಟ್ಟದ್ದು" ಎಂದ.

"ಏನಂದಿ?"

"ಮೊದಲು ಅಲ್ಲಿ ಸಪಾಟ ಇತ್ತು. ಊರಿಗೆ ಒಂದು ಗುಡ್ಡ ಇರಲಿ ಅಂತ ತಂದೆ."

"ಯಾವಾಗ ತಂದಿ? ನಾನೂ ಇದ್ದೆನಲ್ಲೋ."

"ನೀ ಅವತ್ತ ಶಾಲಿಗೆ ಹೋಗಿದ್ದಿ."

ಮಂದಿ ಸೇರತೊಡಗಿದರು. ಅಡಿವೆಪ್ಪ ಹಳ್ಳಕ್ಕೆ ದಾರಿ ತೋರಿಸಿದವನೂ ತಾನೇ ಎಂದ. ಬಸವಣ್ಣ ಗುಡಿಯಲ್ಲಿ ಕೂರುವ ಮೊದಲು ಯಾವ ಕಡೆ ಮುಖ ಮಾಡಲೆಂದು ತನ್ನನ್ನೇ ಕೇಳಿದನೆಂದ. ಹೇಳುತ್ತ ಹೇಳುತ್ತ ಎಡಕ್ಕೆ ವಾಲತೊಡಗಿದ. ಯಾರೋ, "ಅಡಿವೆಪ್ಪ ಕಾಕಾ, ವಾಲಾಕತ್ತೀರಿ" ಎಂದರು.

"ನಾ ಎಲ್ಲಿ ವಾಲೀನಿ? ಊರು ವಾಲೈತಿ. ಇರ್ರಿ, ಮಧ್ಯಾಹ್ನ ಉಂಡ ಮ್ಯಾಲ ನೆಟ್ಟಗ ಮಾಡ್ತೀನಿ."

ಇಬ್ಬರು ಹಿಡಿದು ನೆಟ್ಟಗೆ ನಿಲ್ಲಿಸಿದರು. ಬಿಟ್ಟೊಡನೆ ಮತ್ತೆ ವಾಲಿದ. ಕೊನೆಗೆ ಕಟ್ಟೆಯ ಮೇಲೆ ಎಡಮಗ್ಗುಲಾಗಿ ಪೂರ್ತಿ ಮಲಗಿ, ಕಟ್ಟೆಯ ಸಂದಿಯಲ್ಲಿ ಹೋಗುತ್ತಿದ್ದ ಇರುವೆಗಳಿಗೆ, ಸಾಲಾಗಿ ಹೋಗುವುದನ್ನು ನಿಮ್ಮ ಮುತ್ತಜ್ಜನಿಗೆ ಕಲಿಸಿದವನು ನಾನೇ ಎಂದು ಹೇಳಹತ್ತಿದ. ಚೀಲದ ಮೇಲೆ ಬರೆಯುವವನು ಕುಂಚ ಹಿಡಿದು ಬಹಳ ಹೊತ್ತು ಯೋಚಿಸಿ, "ಬಡಾಯಿ, ಎಡಕ್ಕೆ" ಎಂದು ಬರೆದ. ಎಲ್ಲರೂ ನಕ್ಕರು. ನಗುವಂಥದ್ದೇ ಆಗಿತ್ತು. ನಾನು ಗುಂಡಿ ಸರಿ ಮಾಡಿಕೊಂಡು ಮನೆಗೆ ಬಂದೆ. ನೀಲಗಂಗವ್ವನ ಹೊಲದಲ್ಲಿ ನೀಲಗಂಗವ್ವನ ಸುಳಿವೇ ಇರಲಿಲ್ಲ. ಬೇರೆ ಯಾರೋ ದೊಡ್ಡ ಮೀಸೆಯವನೊಬ್ಬ ಬಂದು ಕೂತುಬಿಟ್ಟಿದ್ದ.

ನಾಲ್ಕು ದಿನಗಳ ನಂತರ ಹಾಡಹಗಲಿನಲ್ಲಿ ಮೂಡಗಾಳಿ ಎದ್ದಿತು. ಅಂಥ ಜೋರಿನ ಗಾಳಿಯೂ ಅಲ್ಲ. ಗುಡ್ಡದ ಮೇಲಿನ ನನ್ನ ಬಡ ಜೋಳ ಅಲುಗಾಡಿ ಸುಮ್ಮನಾಯಿತು. ಎರೆ ಹೊಲದ ಜೋಳ ಮಾತ್ರ ನಾಲ್ಕೆಕರೆಯೂ ಒಮ್ಮೆಗೇ, ಯಾರೋ ಹೇಳಿಕೊಟ್ಟಂತೆ, ಎಡಕ್ಕೆ ಮಲಗಿತು. ದಂಟು ಉದ್ದವಿತ್ತು, ಒಳಗೆ ತ್ರಾಣವಿರಲಿಲ್ಲ. ನಾನು ಬದುವಿನ ಮೇಲೆ ಕೂತೆ. ಶಿವನಾಮ ಹೇಳಲು ಹೋದೆ. ಇಷ್ಟೊಂದು ಹೇಳಿದ್ದರಿಂದಲೇ ಹೀಗಾದದ್ದೆಂದು ನೆನಪಾಗಿ ಅದನ್ನೂ ಬಿಟ್ಟೆ.

ಜುಬೇದಾ ಸುದ್ದಿ ಕೇಳಿ ಬಂದಳು. ಅಡಿವೆಪ್ಪನೂ ಬಂದಿದ್ದ, ಇನ್ನೂ ಸ್ವಲ್ಪ ಓರೆಯಾಗಿಯೇ ನಡೆಯುತ್ತಿದ್ದ. "ನಿಂದು ಹೊಲಾ ಅಂದ್ರ ಹೊಲಾ ನೋಡೋ, ಮಲಗೂದನ್ನೂ ಶಿಸ್ತಿಲೆ ಮಲಗೈತಿ" ಎಂದು ಸಮಾಧಾನ ಹೇಳಿದ. ಜುಬೇದಾ ಮಲಗಿದ ಬೆಳೆಯನ್ನು ದಾಟಿಕೊಂಡು ಮೂಲೆಯ ಕಡೆ ಹೋದಳು. ಅಲ್ಲಿಂದ ಕೂಗಿದಳು, "ಅಜ್ಜಾರ, ಲಗೂನ ಇಲ್ಲಿ ಬರ್ರಿ!"

ಹುತ್ತದ ಸುತ್ತ ಎಂಟು ಹೆಜ್ಜೆಯಷ್ಟು ಜಾಗದಲ್ಲಿ ಜೋಳ ನಿಂತಿತ್ತು. ಗಿಡ್ಡ ಗಿಡ್ಡ ಗಿಡ, ಎದೆಯ ಮಟ್ಟಕ್ಕಿಂತ ಕೆಳಗೆ. ಎಲೆಯ ನಡುನರದ ಎರಡೂ ಬದಿಗೆ ಬಿಳಿ ಪಟ್ಟಿ. ತೆನೆ ಸಣ್ಣದು, ಮುಷ್ಟಿ ಬಿಗಿದಂತೆ ಗಟ್ಟಿ. ಬಗ್ಗಿ ನೋಡಿದರೆ ಗರಿಗಳು ಕಣ್ಣಿಗೆ ಚುಚ್ಚಿದವು.

"ಇಲ್ಲಿ ಏನೂ ಹಾಕಿಲ್ಲೇನ್ರಿ?" ಎಂದಳು ಜುಬೇದಾ.

"ನಾಗಪ್ಪ ಇದ್ದಾನಂತ ಬಿಟ್ಟೆನವ್ವ."

"ನಾಗಪ್ಪಗ ಈ ವರ್ಷ ನಮ್ಮ ಇಲಾಖೆಯವರು ಒಂದು ಶಾಲು ಹೊಚ್ಚಬೇಕ್ರಿ" ಎಂದು ನಕ್ಕಳು. ಆಮೇಲೆ ಮುಖ ಸಣ್ಣದು ಮಾಡಿದಳು. "ಆದ್ರ ಅಜ್ಜಾರ, ನಾಲ್ಕು ಸಲ ನೀರು ಬಿಟ್ಟೀರಿ. ನೀರಿನ ಜೋಡಿ ಯೂರಿಯಾ ಇಲ್ಲೀತನಾ ಹರಕೊಂಡು ಬಂದಿತ್ತಂದ್ರ ಹೇಳಾಕ ಬರೂದಿಲ್ಲ. ನೋಡಾಕ ಅವರ ಜೋಳಾನ. ತಿಂದ್ರ ಏನೋ."

ತೆನೆ ಎಣಿಸಿದೆವು. ಮೂವತ್ತೇಳು ಇದ್ದವು. ಅಡಿವೆಪ್ಪ, "ಎರಡು ಕೊಡು, ಸುಟ್ಟು ತಿಂದು ಈಗ ಹೇಳಿಬಿಡ್ತೀನಿ" ಎಂದು ಕೈ ಚಾಚಿದ. ಕೊಡುವುದೋ ಬೇಡವೋ ಎಂದು ನಾನು ತಡವರಿಸಿದೆ. ಕೊಟ್ಟರೆ ಈಗಲೇ ಗೊತ್ತಾಗುತ್ತಿತ್ತು. ಬಡಾಯಿಯೆಂದು ಗೊತ್ತಾದರೆ ಮುಂದಿನ ಎರಡು ತಿಂಗಳು ನಾನು ಯಾತಕ್ಕೆ ಕಾಯಬೇಕು? "ಬ್ಯಾಡೋ" ಎಂದೆ. ಅಡಿವೆಪ್ಪ ಬೆರಗಾಗಿ ನನ್ನನ್ನು ನೋಡಿದ. ನಾನು ಆ ಮಾತು ಆಡಿದ್ದನ್ನು ಅವನು ಅರವತ್ತು ವರ್ಷಗಳಲ್ಲಿ ಕೇಳಿರಲಿಲ್ಲವಂತೆ.

ತೆನೆ ಒಣಗುವ ತನಕ ಹುತ್ತದ ಪಕ್ಕದಲ್ಲಿ ಕೊಡೆ ಹಿಡಿದು ಕೂತು ಹಕ್ಕಿ ಕಾದೆ. ಕಣ್ಣು ತಪ್ಪಿಸಿ ಎರಡು ಗಿಳಿ ಬಂದು ಒಂದು ತೆನೆ ತಿಂದು ಕಿರುಚುತ್ತ ಹೋದವು. ಗಿಳಿಗಳು ಎಲ್ಲಿ ತಿಂದರೂ ಕಿರುಚುತ್ತವೆ. ಅದರಿಂದ ಏನೂ ತಿಳಿಯಲಿಲ್ಲ.

ವರ್ಷದ ದಿನ ಬಂದಿತು. ಹಿಂದಿನ ದಿನವೇ ನೀಲಗಂಗವ್ವನ ತಂಗಿ ಕಲ್ಲವ್ವ ಬಂದಿದ್ದಳು. ಗಿರಣಿಗೆ ಕೊಟ್ಟರೆ ಬೇರೆಯವರ ಹಿಟ್ಟು ಬೆರೆತು ಎಲ್ಲಿ ಅರ್ಧ ಬೈಗುಳ ಅರ್ಧ ಅಳುವಾದೀತೋ ಎಂದು ಬೀಸುಕಲ್ಲಿನಲ್ಲೇ ಬೀಸಿದಳು. ಅವಳದು ಸುಣ್ಣದ ಗುಡ್ಡೆಯ ಹೊಲದ ರೊಟ್ಟಿ. ಅದನ್ನು ತಿಂದವರು ನಿಧಾನವಾಗುತ್ತಾರೆ. ಒಂದು ರೊಟ್ಟಿ ತಟ್ಟುವುದಕ್ಕೆ ಅವಳಿಗೆ ನಾನು ಸ್ನಾನ, ಲಿಂಗಪೂಜೆ ಎರಡನ್ನೂ ಮುಗಿಸುವಷ್ಟು ಹೊತ್ತು ಬೇಕು. ಆ ದಿನ ಅದೂ ಒಳ್ಳೆಯದೇ ಎನ್ನಿಸಿತು.

ಮಠದ ಅಯ್ಯನವರು ಬಂದು ಪೂಜೆ ಮಾಡಿದರು. ನೀಲಗಂಗವ್ವನ ಫೋಟೋಕ್ಕೆ ಹೂವಿನ ಹಾರ ಹಾಕಿದೆವು. ಆ ಫೋಟೋದಲ್ಲೂ ಅವಳ ಬಾಯಿ ಸ್ವಲ್ಪ ತೆರೆದಿದೆ. ತೆಗೆಯುವವನಿಗೆ ಬೆಳಕಿಗೆ ಅಡ್ಡ ನಿಂತೆಯೆಂದು ಬೈಯುತ್ತಿದ್ದಾಗ ತೆಗೆದದ್ದು. ಪಡಸಾಲೆಯ ತುಂಬ ಮಂದಿ ತಮ್ಮ ತಮ್ಮ ಗಂಟು ಬಿಚ್ಚಿಕೊಂಡು ಕೂತರು. ಮೂರು ಭಜನಾ ಮಂಡಳಿಗಳವರೂ ಮೂರು ಗೋಡೆಗಳಿಗೆ ಬೆನ್ನು ಹಚ್ಚಿ ಕೂತರು. ಕಲ್ಲವ್ವ ನನ್ನ ತಾಟಿನಲ್ಲಿ ಆ ಒಂದು ರೊಟ್ಟಿ ಇಟ್ಟಳು. ಬೂದು ಬಣ್ಣದ್ದು, ಅಂಚು ಸೀಳಿದ್ದು. ಎಲ್ಲರೂ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

ಒಂದು ತುತ್ತು ತಿಂದೆ. ಏನೂ ಆಗಲಿಲ್ಲ. ಎರಡನೆಯದು ತಿಂದೆ. ಸ್ವಲ್ಪ ಒಗರು, ಬಿಟ್ಟರೆ ಜೋಳದ ರೊಟ್ಟಿ. ಅಡಿವೆಪ್ಪ ಎದ್ದು ಬಂದು ನಾನು ಎಡಕ್ಕೆ ವಾಲುತ್ತಿದ್ದೇನೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಅರ್ಧ ರೊಟ್ಟಿ ಮುಗಿಯಿತು. ಮುಕ್ಕಾಲು ಮುಗಿಯಿತು. ಕೊನೆಯ ಚೂರನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಅಗಿದು, ನುಂಗಿದೆ. ನನ್ನ ಒಳಗೆ ಒಂದು ಬೈಗುಳವೂ ಏಳಲಿಲ್ಲ. ನೀರು ಹರಿದುಬಿಟ್ಟಿರಬೇಕು, ನಾಗಪ್ಪನೂ ತಡೆಯಲಾರದೆ ಹೋದ ಎಂದುಕೊಂಡೆ. ಕೈ ತೊಳೆಯಲೆಂದು ತಲೆ ಎತ್ತಿದೆ.

ಎದುರಿಗೆ ಅಡಿವೆಪ್ಪ ಇನ್ನೂ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದ.

"ಏನೋ ಅಡಿವೆಪ್ಪಾ, ಇನ್ನೊಂದು ಕಣ್ಣು ಮನ್ಯಾಗ ಬಿಟ್ಟು ಬಂದೀಯೇನು? ಧೋತರದ ಚುಂಗು ಪಲ್ಯದಾಗ ಬಿದ್ದೈತಿ, ಎತ್ತಿ ಸಿಗಿಸು! ಇಪ್ಪತ್ತು ವರ್ಷ ಮಂದಿ ಜೋಳ ತಿಂದಿ, ಮೈಮ್ಯಾಲ ಒಂದು ಹಿಡಿ ಮಾಂಸ ಇಲ್ಲ. ಕೂಡು ಅಲ್ಲೆ, ಮೊಸರು ಹಾಕ್ಕೋ, ಎರಡು ರೊಟ್ಟಿ ತಿನ್ನದ ಎದ್ದಿ ಅಂದ್ರ ನೋಡು!"

ಇದನ್ನು ಆಡಿದವರು ಯಾರೆಂದು ನಾನೇ ಸುತ್ತ ನೋಡಿದೆ. ಬಾಗಿಲ ಬಳಿ ಕೂತ ಜುಬೇದಾ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು.

"ನೀ ಏನು ನಗತಿ? ಸರಕಾರದವರು ಸೈಕಲ್ ಕೊಟ್ಟಾರ, ತಲಿಗೆ ಒಂದು ಟೊಪ್ಪಿಗಿ ಕೊಟ್ಟಿಲ್ಲೇನು? ಬಾಗಲದಾಗ ಕುಂತಿ, ಬಿಸಲು ಬಡಿಯಾಕತ್ತೈತಿ, ಒಳಗ ಸರಿ! ಕಲ್ಲವ್ವಾ, ಆ ಹುಡುಗಿ ತಾಟು ಬರಿದಾಗೈತಿ, ನೀ ಅಲ್ಲಿಗೆ ಹೋಗಿ ಮುಟ್ಟೂದ್ರಾಗ ಆಕಿಗೆ ಮುಂದಿನ ಹೊತ್ತಿನ ಹಸಿವು ಆಗತೈತಿ!"

ಭಜನಾ ಮಂಡಳಿಗಳವರ ಕಡೆ ತಿರುಗಿದೆ. ಮೂರು ಗೋಡೆ ಹಿಡಿದು ಕೂತರೆ ನಾಲ್ಕನೆಯ ಗೋಡೆಗೆ ಶಿವ ಕೂರಬೇಕೇನು ಎಂದು ಕೇಳಿ, ಎಬ್ಬಿಸಿ ಒಂದೇ ಸಾಲಿನಲ್ಲಿ ಕೂಡಿಸಿದೆ. ಕೂತರು. ದೇವರ ಜಗಲಿಯನ್ನೂ ಬಿಡಲಿಲ್ಲ. "ಶಿವನೇ, ಸಾಲಿಗೆ ನೂರೆಂಟು ನಾಮ ಹೇಳಿದ್ನಿ. ಸಾಕೋ ಮಾರಾಯಾ, ಯೂರಿಯಾ ಹೆಚ್ಚಾತು ಅಂತ ಒಂದು ಮಾತು ಅಂದಿದ್ರ ನಿನ್ನ ಗಂಟಲು ಹರೀತಿತ್ತೇನು? ವಿಷಾ ಕುಡಿಯಾಕ ಬರತೈತಿ, ಮಾತಾಡಾಕ ಬರೂದಿಲ್ಲ!" ಅಯ್ಯನವರು ಕಣ್ಣು ಮುಚ್ಚಿ ಕೈ ಮುಗಿದರು. ನಗು ತಡೆಯಲೋ ಭಕ್ತಿಯಿಂದಲೋ ತಿಳಿಯಲಿಲ್ಲ.

ಅದು ಒಳಗಿನಿಂದ ಹೇಗಿರುತ್ತದೆ ಎಂಬುದನ್ನು ಈಗ ಹೇಳಬಲ್ಲೆ. ಸಿಟ್ಟಿನ ಬಿಸಿ ಅದರಲ್ಲಿಲ್ಲ. ಎಲ್ಲಿ ನೋಡಿದರೂ ಒಂದು ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಯಾರನ್ನು ನೋಡಿದರೂ ಅವರು ಸ್ವಲ್ಪ ಹಸಿದಂತೆ, ಸ್ವಲ್ಪ ಬಿಸಿಲಿನಲ್ಲಿ ನಿಂತಂತೆ ಕಾಣುತ್ತಾರೆ. ಅವರನ್ನು ರಟ್ಟೆ ಹಿಡಿದು ನೆರಳಿಗೆ ಎಳೆಯದೆ ಜೀವ ತಡೆಯುವುದಿಲ್ಲ. ನಲವತ್ತೆರಡು ವರ್ಷ ಅವಳು ಬೆಳಗಾದರೆ ನನ್ನನ್ನು ಹೀಗೆ ನೋಡುತ್ತಿದ್ದಳು. ನಾನು ಗುಂಡಿ ಸರಿ ಮಾಡಿಕೊಂಡು ಹೊರಗೆ ಹೋಗಿಬಿಡುತ್ತಿದ್ದೆ.

ಆಮೇಲೆ ಕಣ್ಣು ಫೋಟೋದ ಮೇಲೆ ಬಿದ್ದಿತು. ಎದ್ದು ಅದರ ಮುಂದೆ ಹೋಗಿ ನಿಂತೆ.

"ಏನ ನೀಲಗಂಗಾ, ಸಾಸಿವಿ ಡಬ್ಬಿ ಎಲ್ಲಿಟ್ಟೀದಿ? ಒಂದು ವರ್ಷ ಆತು, ಒಗ್ಗರಣಿ ಇಲ್ಲದ ಸಾರು ಉಣ್ಣಾಕತ್ತೀನಿ. ಹೇಳಿ ಹೋಗಬಾರದೇನು? ಎಲ್ಲಾರಿಗೂ ಎಲ್ಲಾ ಹೇಳಿದಿ, ಕಾಗಿಗೆ ಹೇಳಿದಿ, ಹೊತ್ತು ಮುಳುಗೂದಕ್ಕ ಹೇಳಿದಿ. ನಾ ಹೋಗತೀನಿ ಅಂತ ನನಗೊಂದು ಮಾತು ಹೇಳಾಕ ಬಾಯಿ ಬರಲಿಲ್ಲೇನು? ಅಲ್ಲಿ ಯಾರ ಅಂಗಿ ಗುಂಡಿ ನೋಡಾಕ ಇಷ್ಟು ಅವಸರ ಮಾಡಿ ಹೋದಿ?"

ಕಲ್ಲವ್ವ ಸೌಟು ಹಿಡಿದವಳು ಹಿಡಿದಂತೆಯೇ ನಿಂತು, ನಿಧಾನವಾಗಿ, "ಅಕ್ಕನ ಹೊಲಾನ ಐತಿ ಬಿಡ್ರಿ" ಎಂದಳು.

ಗೋಡೆ ಹಿಡಿದು ನಿಂತೆ. ಅಯ್ಯನವರು ಮೆಲ್ಲಗೆ ಕೇಳಿದರು, "ಗುರುಲಿಂಗಪ್ಪ, ಇನ್ನೂ ಏನರ ಉಳಿದೈತೇನಪ್ಪಾ?"

"ಉಳಿದೈತ್ರಿ ಅಯ್ಯಾರ. ಭಾಳ ಉಳಿದೈತ್ರಿ."

"ಹಂಗಾರ ನಾವು ಪ್ರಸಾದ ಮುಗಿಸ್ತೀವಿ. ನೀ ನಡಸು."

ನಾನು ಫೋಟೋದ ಮುಂದೆ ಮಣೆ ಹಾಕಿಕೊಂಡು ಕೂತು, ನೆಂಟರು ಅವಳನ್ನು ಮೊದಲ ಸಲ ತೋರಿಸಿದ ದಿನದಿಂದ ಬೈಯಲು ಆರಂಭಿಸಿದೆ. ಮಂದಿ ಉಂಡರು, ಎಲೆ ಅಡಿಕೆ ಹಾಕಿಕೊಂಡರು, ಒಬ್ಬೊಬ್ಬರಾಗಿ ಬಂದು ಬೈಸಿಕೊಂಡು ಮನೆಗೆ ಹೋದರು. ಕಲ್ಲವ್ವ ಸಂಜೆಯ ದೀಪ ಹಚ್ಚುವ ಹೊತ್ತಿಗೆ ನಾನು ಇನ್ನೂ ಮದುವೆಯಾದ ಮೂರನೆಯ ವರ್ಷದಲ್ಲಿದ್ದೆ.